ಮದುಮಗನನ್ನು ಸುರಂಗಕ್ಕೆ ಎಳೆದೊಯ್ದ ನಿಷ್ಕ್ರಿಯ ನ್ಯೂಟ್ರಿನೊಗೆ

ಮಾನ್ಯ ನಿಷ್ಕ್ರಿಯ ನ್ಯೂಟ್ರಿನೊ ಅವರ ಸನ್ನಿಧಾನಕ್ಕೆ,

(ತಾವು ಎಲ್ಲಿರುವಿರೋ, ಇರುವಿರೋ ಇಲ್ಲವೋ ತಿಳಿಯದ ಕಾರಣ ವಿಳಾಸ ಬರೆದಿಲ್ಲ, ಮನ್ನಿಸಬೇಕು.)

ಬಕ್ಸಾನ್ ಕಣಿವೆಯ ಹೊಸ ಸೊಸೆ ನಫೀಸತ್ ಮಾಡುವ ಸವಿನಯ ವಂದನೆಗಳು. ಉಳಿದ ನ್ಯೂಟ್ರಿನೊ ಕಣಗಳು ಬೆಟ್ಟವನ್ನೇ ತೂರಿ ಹೋದರೂ ಅಪರೂಪಕ್ಕೊಮ್ಮೆ ಯಾವುದಾದರೂ ಪರಮಾಣುವನ್ನು ಮಾತಾಡಿಸುತ್ತವಂತೆ. ತಾವು ಮಾತ್ರ ಯಾರ ತಂಟೆಗೂ ಬರುವವರಲ್ಲವೆಂದು ನನ್ನ ಗಂಡ ಅಜ್ರೆತ್ ಹೊಗಳುತ್ತಾನೆ. ಅಂಥ ಸಾಧುಗಳು ನನ್ನ ಮದುವೆಯ ತಂಟೆಗೇಕೆ ಬಂದಿರೆಂದು ಕೇಳುವುದಕ್ಕೇ ಈ ಪತ್ರ.

ನಮ್ಮಲ್ಲಿ ಮದುವೆ ನಡೆಯುವಷ್ಟು ದಿನ ಮದುಮಗ ಹಿರಿಯರ ಕಣ್ಣಿಗೆ ಬೀಳದೆ ಗೆಳೆಯನ ಮನೆಯಲ್ಲಿ ಅಡಗಿರಬೇಕು. ಅಜ್ರೆತ್ ಗೆಳೆಯ ಮುರಾದಿನ್‌ನ ಮನೆಯಲ್ಲಿರಬೇಕಿತ್ತು. ಆದರೆ ತಮ್ಮನ್ನು ಹಿಡಿಯಲೆಂದು ರಿಯಾಕ್ಟರಿನಲ್ಲಿ ತಯಾರಿಸಿದ ಕ್ರೋಮಿಯಂ ಮದುವೆಯ ಮೊದಲ ದಿನವೇ ಬಂದಿಳಿಯಿತು. ನ್ಯೂಟ್ರಿನೊಗಳನ್ನು ಧಾರಾಳವಾಗಿ ಚೆಲ್ಲುವ ಆ ಲೋಹ ತಿಂಗಳು ತುಂಬುವಷ್ಟರಲ್ಲಿ ಅರ್ಧ ಸತ್ವ ಕಳೆದುಕೊಳ್ಳುವುದರಿಂದ ಅಜ್ರೆತ್ ನೆಟ್ಟಗೆ ತಾನು ದುಡಿಯುವ ಬೆಟ್ಟದಡಿಯ ಸುರಂಗದ ಪ್ರಯೋಗಾಲಯಕ್ಕೆ ಹೋದ. ಅಡಗಿರಬೇಕಾದವನು ಕಾಣುತ್ತಿಲ್ಲವೆಂದು ಯಾರು ತಾನೇ ಗಾಬರಿಯಾಗುತ್ತಾರೆ? ಅತ್ತೆ ಸಕೀನತ್ ಅವರು ಮಗನಿಗೆಂದು ಚೀಸ್ ತುಂಬಿದ ಬಿಸಿ ಖಿಚಿನ್ ರೊಟ್ಟಿ ಕಳಿಸುತ್ತಲೇ ಇದ್ದರು. ಮುರಾದಿನ್ ಅಷ್ಟನ್ನೂ ಒಬ್ಬನೇ ತಿಂದು, "ಇನ್ನೊಂದಿಷ್ಟು ಬೇಕಂತೆ" ಎಂದು ಹೇಳಿಕಳಿಸುತ್ತಲೇ ಇದ್ದ.

ಮದುಮಗನನ್ನು ಮನೆಗೆ ಕರೆತರುವ ಸಂಜೆ ಮುರಾದಿನ್ ಒಬ್ಬನೇ, ಕೊಂಚ ದಪ್ಪಗಾಗಿ, ಬಂದ.

"ನನ್ನ ಮಗ ಎಲ್ಲೋ?" ಎಂದರು ಅತ್ತೆ.

"ಸುರಂಗದಲ್ಲಿದಾನಮ್ಮ. ಕ್ರೋಮಿಯಂ ಕಾಯಲ್ಲ, ನಫೀಸತ್ ಕಾಯ್ತಾಳೆ ಅಂದ."

ಪರದೆಯ ಹಿಂದೆ ಮುಸುಕು ಹೊದ್ದು ನಿಂತಿದ್ದ ನನಗೆ ಅದು ಕೇಳಿಸಿತು. ಬಹಳ ನೋವಾಯಿತು, ಮಾನ್ಯರೇ.

ಕ್ರೋಮಿಯಂ ಸೊರಗಿದ ಮೇಲೆ ಮನೆಗೆ ಬಂದವನ ಮುಖದಲ್ಲಿ ಹಬ್ಬದ ಕಳೆಯಿತ್ತು. ಕ್ರೋಮಿಯಂ ಸುತ್ತ ಇಟ್ಟ ಗ್ಯಾಲಿಯಂ ತೊಟ್ಟಿಯಲ್ಲಿ ಸಿಗಬೇಕಿದ್ದ ನ್ಯೂಟ್ರಿನೊ ಗುರುತುಗಳಲ್ಲಿ ಐದನೇ ಒಂದು ಪಾಲು ಸಿಕ್ಕಿರಲಿಲ್ಲವಂತೆ. "ಕಡಿಮೆ ಬಂದಿದೆ ಕಣೇ. ಸಿಗದವು ನಿಷ್ಕ್ರಿಯ ನ್ಯೂಟ್ರಿನೊ ಆಗಿ ವೇಷ ಬದಲಿಸಿರಬೇಕು. ಅಂದ್ರೆ ಅವರು ಇರಬಹುದು," ಎಂದ. ನಾನು ಒಳಗೆ ಹೊರಟಿದ್ದನ್ನು ಕಂಡು, "ನಮ್ಮ ಲೆಕ್ಕವೇ ತಪ್ಪಿರಲೂಬಹುದು," ಎಂದು ಮೆಲ್ಲಗೆ ಸೇರಿಸಿದ. ಗೈರುಹಾಜರಿಯಿಂದಲೇ ಇಷ್ಟು ಮರ್ಯಾದೆ ಗಳಿಸಿದ ತಮ್ಮ ಜಾಣ್ಮೆಗೆ ತಲೆಬಾಗುತ್ತೇನೆ.

ಆದ್ದರಿಂದ ತಾವು ದಯಮಾಡಿ ಒಂದು ಸಂಜೆ ಆ ತೊಟ್ಟಿಗೆ ಬಿಜಯಂಗೈದು, ತಮ್ಮ ತೂಕವನ್ನು ಸ್ವಹಸ್ತದಿಂದ ಬರೆದು ಹೋಗಬೇಕು. ತಾವು ಇಲ್ಲವೇ ಇಲ್ಲ ಎಂದಾದಲ್ಲಿ, ಖುದ್ದಾಗಿ ಹಾಜರಾಗಿ ಹಾಗೆಂದು ದೃಢೀಕರಿಸಬೇಕಾಗಿ ಪ್ರಾರ್ಥನೆ.

ಇದ್ದೂ ಲೆಕ್ಕಕ್ಕೆ ಸಿಗದ,
ತಮ್ಮ ವಿಶ್ವಾಸಿ,
ನಫೀಸತ್

ವಿ.ಸೂ.: ಮತ್ತೆ ಹೊಸ ಕ್ರೋಮಿಯಂ ಬರಲಿದೆಯಂತೆ. ಅದು ಬಂದಿಳಿದ ದಿನವೇ ನಾನು ತವರಿಗೆ ಹೊರಡುತ್ತೇನೆ. ಮನೆಯಲ್ಲಿ ಏನೇನು ಕಡಿಮೆಯಾಯಿತೆಂದು ಅಜ್ರೆತ್ ಅಳೆದು ನೋಡಲಿ. ನಾನು ಇದ್ದೆನೆಂಬುದು ಆಗಲಾದರೂ ಗೊತ್ತಾದೀತು.