ಊರಿಗೆಲ್ಲ ಪುಕ್ಕಟೆ, ಕೀಲಿ ಮಾತ್ರ ನನ್ನದು

ಬನಹಟ್ಟಿಯಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬನಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಸೀರೆಯಂಚಿನ ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಬರೆದು, "ಯಾರು ಬೇಕಾದರೂ ಬಳಸಿ, ಬಲ್ಲವರು ತಿದ್ದಿ" ಎಂದು ಇಂಟರ್ನೆಟ್ಟಿಗೆ ಪುಕ್ಕಟೆ ಹಾಕಿದ್ದೆ. ನೇಕಾರರ ವಾಟ್ಸಾಪ್ ಗುಂಪಿನಲ್ಲಿ ದಿನವೂ ನನಗೆ ನಮಸ್ಕಾರಗಳ ಸುರಿಮಳೆ.

ಅಷ್ಟರಲ್ಲಿ ಮುಧೋಳದ ಸುಮತಿ ಟೀಚರ್ ನಿಜವಾಗಿಯೂ ತಿದ್ದತೊಡಗಿದರು! ನಾನೇ ಖುಷಿಯಿಂದ ಪಾಸ್‌ವರ್ಡ್ ಕೊಟ್ಟಿದ್ದೆ. ನಾನು ತಿಂಗಳುಗಟ್ಟಲೆ ಮುಂದೂಡಿದ್ದನ್ನು ಆಕೆ ಸಂಜೆಯೊಳಗೆ ಮುಗಿಸುತ್ತಿದ್ದರು. ನಮಸ್ಕಾರಗಳೆಲ್ಲ ಮುಧೋಳದ ಕಡೆ ತಿರುಗಿದವು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಪಾಸ್‌ವರ್ಡ್ ಬದಲಿಸಿದೆ. ನಾನೇ ಮನಸ್ಸಿಗೆ ಬಂದಂತೆ ಬಣ್ಣ ಹಾಕಿ ನೇಯ್ದಿದ್ದ ಸೀರೆಯೊಂದು ಎದುರಿಗಿತ್ತು. ಅದರ ಅಂಚಿನ ಎಳೆಗಳನ್ನು ಬಣ್ಣದ ಪ್ರಕಾರ ಎಣಿಸಿ, ಆ ಅಂಕಿಗಳನ್ನೇ ಪಾಸ್‌ವರ್ಡ್ ಮಾಡಿದೆ. ಬರೆದಿಡುವ ಗೋಜೇ ಇಲ್ಲ!

"ನಾಳೆ ನೀವು ಹಾಸಿಗಿ ಹಿಡದ್ರ ಯಾರ್ ನೋಡ್ತಾರ್ರಿ? ಇನ್ನೊಬ್ಬರ ಕಡೆನೂ ಕೀಲಿ ಇರ್ಲಿ," ಎಂದಳು ಹೆಂಡತಿ ಕಸ್ತೂರಿ.

"ನನಗೇನ್ ಧಾಡಿ? ಗಟ್ಟಿ ಅದೇನಿ!"

ಪಾಸ್‌ವರ್ಡ್ ನಡೆಯದೆ ಸುಮತಿ ವಿಚಾರಿಸಲು ಮನೆಗೇ ಬಂದರು. ನಾನು ಹಿತ್ತಲಲ್ಲಿ ಅಡಗಿದೆ. ಅವರು ಹೋದ ಮೇಲೆ ಬಂದು ನೋಡಿದರೆ ಸೀರೆ ಇಲ್ಲ!

"ಮೊದಲ ಸಲ ಮನಿಗೆ ಬಂದ ಹೆಣ್ಣಮಗಳು. ಉಡಿ ತುಂಬಿ, ಸೀರಿ ಕೊಟ್ಟು ಕಳಿಸೇನಿ," ಎಂದಳು ಕಸ್ತೂರಿ.

ಆ ವಾರವೇ ಸಾಫ್ಟ್‌ವೇರ್ ಕೆಂಪಿನ ಬದಲು ಹಸಿರು ತೋರಿಸತೊಡಗಿತು. ಡಿಸೈನ್ ಇಲ್ಲದೆ ಮಗ್ಗಗಳು ನಿಂತವು. ತಿದ್ದಲು ಬೇಕಾದ ಅಂಕಿಗಳು ಸೀರೆಯ ಜೊತೆಗೇ ಮುಧೋಳ ಸೇರಿದ್ದವು. ಹೊಸ ಪಾಸ್‌ವರ್ಡ್ ಕೇಳೋಣವೆಂದರೆ, ಅದು ಬರುವ ಫೋನ್ ನಂಬರನ್ನು ನಾನು ಎಂದೋ ಬಿಟ್ಟಿದ್ದೆ. ಗುಂಪಿನಲ್ಲಿ ಒಂದೇ ಕೂಗು: "ಲಗೂನ ತಿದ್ರಿ ಅಣ್ಣಾರ!"

ಮಾನ ಬಿಟ್ಟು ಸುಮತಿಗೆ ಫೋನ್ ಮಾಡಿದೆ.

"ಅಕ್ಕಾರ, ಆ ಸೀರಿ ಅಂಚಿನ್ಯಾಗಿನ ಎಳಿ ಒಂದೀಟು ಎಣಿಸಿ ಹೇಳ್ರಿ."

"ಯಾಕ್ರಿ ಅಣ್ಣಾರ?"

ಎಲ್ಲ ಒದರಿಬಿಟ್ಟೆ. ಆ ಕಡೆ ಬಹಳ ಹೊತ್ತು ಬರೀ ನಗು.

"ಅಯ್ಯ! ನನ್ನ ಹೊರಗ ಹಾಕಿದ ಕೀಲಿನ ಉಟ್ಕೊಂಡು ಸಾಲಿಗೆ ಹೋಗಿದ್ನೇನ್ರಿ ನಾನು?"

ಎಣಿಸಿದರು, ಒಳಹೊಕ್ಕರು, ತಿದ್ದಿದರು. ಮಗ್ಗಗಳು ನಡೆದವು. ಗುಂಪಿನಲ್ಲಿ ಸುಮತಿಗೆ ನಮಸ್ಕಾರ. ಸೀರೆ ಕೊಟ್ಟ ಕಸ್ತೂರಿಗೂ ನಮಸ್ಕಾರ! ನನಗೆ ತಡೆಯಲಾಗಲಿಲ್ಲ. "ಇದನ್ನು ಮೊದಲು ಬರೆದವನು ನಾನು" ಎಂದು ಹಾಕಿದೆ.

ಬೀಳಗಿಯ ನೇಕಾರನೊಬ್ಬ ಕೂಡಲೇ ಉತ್ತರಿಸಿದ: "ಹೌದೇನ್ರಿ? ಹಂಗಾದ್ರ ಬಣ್ಣ ಕೆಡಿಸಿದವ್ರೂ ನೀವ ಏನು?"