ಮುಖ ಓದುವ ಫೋನೂ ಎರಡು ಈರುಳ್ಳಿಯೂ

ರಜೆಯ ದಿನ ಈರುಳ್ಳಿ ಹೆಚ್ಚುವಾಗ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟದ್ದೇ ಕನ್ನಡಕದಣ್ಣ ಮಾಡಿದ ತಪ್ಪು. ಕನ್ನಡಕದಂಗಡಿಯಲ್ಲಿ ದಿನವಿಡೀ ಅವನು ಬಂದವರ ಕಣ್ಣು ನೋಡುತ್ತಿದ್ದ; ಅವನ ಮುಖ ನೋಡುತ್ತಿದ್ದದ್ದು ಆ ಫೋನೊಂದೇ. ಅಕ್ಕನ ಮಗಳು ಅದರಲ್ಲೊಂದು ಆ್ಯಪ್ ಹಾಕಿಕೊಟ್ಟಿದ್ದಳು. "ಮಾಮಾ, ಇದು ನಿನ್ನ ಮುಖ ನೋಡುತ್ತೆ, ಮಾತು ಕೇಳಿಸ್ಕೊಳ್ಳುತ್ತೆ. ಮನಸ್ಸಿಗೆ ತಕ್ಕ ಹಾಡು ತಾನೇ ಹಾಕುತ್ತೆ."

ಕಣ್ಣಲ್ಲಿ ನೀರು ಕಂಡದ್ದೇ ತಡ, ಫೋನು ಶೋಕಗೀತೆ ಶುರುಮಾಡಿತು. ಒದ್ದೆಗೈಯಲ್ಲಿ ಅದನ್ನು ನಿಲ್ಲಿಸಲಾಗದೆ ಅವನು ಕಣ್ಣೊರೆಸಿಕೊಂಡ. ಉರಿ ಹೆಚ್ಚಿತು, ನೀರು ಧಾರೆಯಾಯಿತು. ಫೋನು ಕೂಲಿಗೆ ಅಳಲು ಬಂದವಳಂತೆ ದನಿ ಏರಿಸಿತು.

ದಡದಡ ಬಾಗಿಲು ಬಡಿದು ಒಳಬಂದವಳು ಎದುರುಮನೆಯ ನರ್ಸಮ್ಮ.

"ಅಯ್ಯೋ, ಯಾರು ತೀರ್ಕೊಂಡ್ರಣ್ಣ?"

"ಏನಿಲ್ಲಮ್ಮ..."

"ಏನಿಲ್ಲ ಅನ್ನೋರ ಹೊಟ್ಟೇಲೇ ಬೆಟ್ಟದಷ್ಟಿರುತ್ತೆ!" ಎನ್ನುತ್ತ ಅವಳು ಎರಡನೇ ಕುರ್ಚಿಯಲ್ಲಿ ಕುಳಿತೇಬಿಟ್ಟಳು. ಆ ಕುರ್ಚಿಯ ಮೇಲೆ ಅದುವರೆಗೆ ಇಸ್ತ್ರಿ ಬಟ್ಟೆ ಬಿಟ್ಟರೆ ಯಾರೂ ಕುಳಿತಿರಲಿಲ್ಲ. ಅವನು ಹೆಚ್ಚಿದ ಈರುಳ್ಳಿಯ ಮೇಲೆ ಮೆಲ್ಲಗೆ ತಟ್ಟೆ ಮುಚ್ಚಿದ.

ಹಿಂದೆಯೇ ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ಫ್ಲಾಸ್ಕು ಹಿಡಿದು ಬಂದರು. "ಅತ್ತುಬಿಡಪ್ಪ, ಗಂಡಸು ಅಂತ ನಾಚ್ಕೋಬೇಡ," ಎಂದು ಬೆನ್ನು ಸವರಿದರು.

"ಇವತ್ತು ಊಟ ನಮ್ಮನೇಲೇ," ಎಂದಳು ನರ್ಸಮ್ಮ.

ಬೆನ್ನ ಮೇಲೊಂದು ಕೈ ಬಿದ್ದು ಎಷ್ಟು ವರ್ಷವಾಗಿತ್ತೋ! ಎಷ್ಟು ತಡೆದರೂ ಕನ್ನಡಕದಣ್ಣನ ಮುಖ ಹುಣ್ಣಿಮೆಯಂತೆ ಅರಳಿತು. ಫೋನು ಅದನ್ನೂ ನೋಡಿತು. ಡಂಕಣಕ ಡಂಕಣಕ ಎಂದು ಕುಣಿತದ ಹಾಡು ಹಾಕಿತು.

ಮೇಷ್ಟ್ರು ಕೈ ಹಿಂತೆಗೆದರು. "ಇದೇನಯ್ಯ, ಸಾವಿನ ಮನೇಲಿ ದಿಬ್ಬಣ?"

"ಯಾರೂ ಸತ್ತಿಲ್ಲ ಸಾರ್! ಈರುಳ್ಳಿ! ಬರೀ ಈರುಳ್ಳಿ!"

"ನಮ್ಮ ಕರುಳು ಹಿಂಡಿ ಮಜಾ ತಗೊಂಡ್ರಾ?" ನರ್ಸಮ್ಮ ಎದ್ದಳು. ಫ್ಲಾಸ್ಕೂ ಹೋಯಿತು, ಊಟವೂ ಹೋಯಿತು.

ಸಂಜೆ ಅವನು ಖಾಲಿ ಕುರ್ಚಿಯ ಎದುರು ಕುಳಿತ. ಉಳಿದ ಒಂದು ಈರುಳ್ಳಿ ಸಿಪ್ಪೆ ಸಮೇತ ಬುಟ್ಟಿಯಲ್ಲಿತ್ತು. ಚಾಕು ಮುಟ್ಟದೆಯೇ ಕಣ್ಣು ತುಂಬಿತು. ಬಿಕ್ಕಿ ಬಿಕ್ಕಿ ಅತ್ತ. ತೆರೆದ ಬಾಗಿಲ ಮುಂದೆ ಹೋಗುತ್ತಿದ್ದ ನರ್ಸಮ್ಮ ಇಣುಕಿ, "ಮೇಷ್ಟ್ರೇ, ಮತ್ತೆ ಶುರುವಾಯ್ತು ನೋಡಿ ಈರುಳ್ಳಿ!" ಎಂದು ಕೂಗಿ ನಡೆದಳು.

ಹೋಗಲಿ, ಫೋನಿಗಾದರೂ ತಿಳಿದೀತು ಎಂದು ಅವನು ಅದನ್ನು ಮುಖದೆದುರು ಹಿಡಿದ. ಫೋನು ಬಹಳ ಹೊತ್ತು ನೋಡಿತು. ಹಾಡು ಬರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿತು:

"ನಿಮಗೆಂದೇ ಆರಿಸಿದ್ದು: ಕಣ್ಣೀರು ಬರಿಸದ ಈರುಳ್ಳಿ ಹೆಚ್ಚುವ ಯಂತ್ರ."