ಮಹಾದೇವಕ್ಕ ಊರಲ್ಲಿಲ್ಲದ ಅವಧಿಯ ರೊಟ್ಟಿ ವ್ಯವಸ್ಥೆ

ಸುತ್ತೋಲೆ ಸಂಖ್ಯೆ: ಮನೆ/ರೊಟ್ಟಿ/ತುರ್ತು/07
ಸ್ಥಳ: ಅಕ್ಕಿಆಲೂರು
ದಿನಾಂಕ: ಮಹಾದೇವಕ್ಕ ಹೋದ ಒಂಬತ್ತನೆಯ ದಿನ

ವಿಷಯ: ಗುಮಾಸ್ತೆ ಶ್ರೀಮತಿ ಶೈಲಶ್ರೀ ಅವರ ನೌಕರಿ ಉಳಿಸುವ ಬಗ್ಗೆ.
ಉಲ್ಲೇಖ: 1. ಸದರಿಯವರ ರಾಜೀನಾಮೆ ಪತ್ರ. 2. ಖಾಲಿ ಬುತ್ತಿ ಡಬ್ಬಿ.

ಆಡೂರಿನಿಂದ ಈ ಕಚೇರಿಗೆ ಬಸ್ಸಿನಲ್ಲಿ ಬರುವ ಶೈಲಶ್ರೀ ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಇದು ಇಲಾಖೆ ಕೊಟ್ಟ ತರಬೇತಿಯ ಫಲವೆಂದು ಈವರೆಗೆ ಭಾವಿಸಲಾಗಿತ್ತು. ಅವರ ಅತ್ತೆ ಮಹಾದೇವಕ್ಕ, ಮಗಳ ಎರಡನೆಯ ಬಾಣಂತನಕ್ಕೆಂದು ಹಿರೇಬೆಂಡಿಗೇರಿಗೆ ಹೋದ ಮೂರನೆಯ ದಿನಕ್ಕೇ ಈ ಭಾವನೆ ತಪ್ಪೆಂದು ಸಾಬೀತಾಗಿದೆ. ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಈಗ ಶೈಲಶ್ರೀಯೇ ಬಡಿದು, ತಮ್ಮ ಮಗುವಿಗೆ ಉಣಿಸಿ, ಡಬ್ಬಿಯನ್ನೂ ತುಂಬಿಕೊಳ್ಳದೆ ಓಡುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಕೆಲಸ ಬಿಡಲು ಅವರಿಗೆ ಎಳ್ಳಷ್ಟೂ ಮನಸ್ಸಿಲ್ಲ. ರಾಜೀನಾಮೆ ಬರೆಯುತ್ತ ಅತ್ತಿದ್ದಾರೆ, ಸಹಿ ಕಲಸಿಹೋಗಿದೆ. ಓದಲಾಗದ ಸಹಿ ಅಂಗೀಕಾರಾರ್ಹವಲ್ಲವಾದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ನೌಕರರ ಅತ್ತೆಯಂದಿರು ಪರಊರಿಗೆ ಹೋಗುವ ಮುನ್ನ ಇಲಾಖೆಯಿಂದ ರಜೆ ಮಂಜೂರು ಮಾಡಿಸಿಕೊಳ್ಳತಕ್ಕದ್ದು.

2. ಈ ಬಗ್ಗೆ ಫೋನಿನಲ್ಲಿ ವಿವರಣೆ ಕೇಳಲಾಗಿ, ಮಹಾದೇವಕ್ಕ ಅವರು "ಮಗಳ ಮನಿಗೆ ಬರಾಕ ನಿಮ್ಮ ಅಪ್ಪಣಿ ಯಾಕ್ರಿ ಸಾಹೇಬ್ರ? ನನ್ನ ಮಗ ಚನ್ನೇಶ ಹೊಲಕ್ಕ ಹೋಗೂದು ಹತ್ತಕ್ಕ. ಅಲ್ಲೀತನಕ ಅವಂಗ ಕೈ ಇಲ್ಲೇನು?" ಎಂದು ಉತ್ತರಿಸಿರುತ್ತಾರೆ. ಪರಿಶೀಲಿಸಲಾಗಿ, ಚನ್ನೇಶ ಅವರಿಗೆ ಎರಡು ಕೈಗಳಿರುವುದು ದೃಢಪಟ್ಟಿದೆ. ಕಂಡಿಕೆ 1ನ್ನು ಹಿಂಪಡೆಯಲಾಗಿದೆ.

3. ಚನ್ನೇಶ ಅವರು ನಾಳೆಯಿಂದ ರೊಟ್ಟಿ ಬಡಿಯತಕ್ಕದ್ದು. ರೊಟ್ಟಿ ದುಂಡಗಿರತಕ್ಕದ್ದು. ತಪ್ಪಿದಲ್ಲಿ ನಮ್ಮ ಹಾನಗಲ್ ತಾಲ್ಲೂಕಿನ ನಕ್ಷೆಯನ್ನು ಹೋಲಬಹುದು. ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಕ್ಷೆಗಳಿಗೆ ಆಯಾ ತಾಲ್ಲೂಕು ಕಚೇರಿಯ ಪೂರ್ವಾನುಮತಿ ಅಗತ್ಯ.

4. ಶೈಲಶ್ರೀ ಅವರ ಡಬ್ಬಿಗೆ ದಿನವೂ ಕೈಹಾಕಿ ರೂಢಿಯಾಗಿರುವ ಸಿಬ್ಬಂದಿ, ಸೀದ ರೊಟ್ಟಿಯನ್ನೂ "ಛಲೋ ಆಗೇತ್ರಿ" ಎನ್ನುತ್ತಲೇ ತಿನ್ನತಕ್ಕದ್ದು. ಮುಖ ಸಿಂಡರಿಸಿದವರನ್ನು ಮರುದಿನ ಮಗುವಿಗೆ ಉಣಿಸಲು ಆಡೂರಿಗೆ ನಿಯೋಜಿಸಲಾಗುವುದು.

5. "ನೌಕರಿ ಮಾಡಾಕಿ ಆಕಿ, ಒಲಿ ಮುಂದ ನಾ ಯಾಕ ಕುಂದ್ರಬೇಕ್ರಿ?" ಎಂಬ ಚನ್ನೇಶ ಅವರ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಆ ಒಂದು ನೌಕರಿಯನ್ನು ಹನ್ನೊಂದು ವರ್ಷ ಅತ್ತೆ-ಸೊಸೆ ಇಬ್ಬರೂ ಕೂಡಿ ಮಾಡಿರುವುದು ಇಲಾಖೆಗೆ ಈಗಷ್ಟೇ ತಿಳಿದಿದ್ದು, ನಾಚಿಕೆಯಾಗಿದೆ.

ಸಹಿ/-
ಕಚೇರಿ ಮುಖ್ಯಸ್ಥರು
(ಒಂಬತ್ತು ದಿನಗಳಿಂದ ಊಟ ಖಾನಾವಳಿಯಲ್ಲಿ)

ಪ್ರತಿಗಳು:
1. ಮಹಾದೇವಕ್ಕ, ಹಿರೇಬೆಂಡಿಗೇರಿ: ಕೂಸು-ಬಾಣಂತಿಯ ಕ್ಷೇಮ ವಿಚಾರಿಸುತ್ತ.
2. ಚನ್ನೇಶ, ಆಡೂರು: ಅಗತ್ಯ ಕ್ರಮಕ್ಕಾಗಿ ಮತ್ತು ಹಿಟ್ಟಿನ ಡಬ್ಬಿಗೆ ಅಂಟಿಸಲು.
3. ಶೈಲಶ್ರೀ: ರಾಜೀನಾಮೆ ಪತ್ರ ಮರಳಿಸಿದೆ. ಹಿಂಬದಿ ಖಾಲಿ ಇದ್ದು, ರೊಟ್ಟಿ ಬಡಿಯುವ ಕ್ರಮವನ್ನು ಗಂಡನಿಗೆ ಅದರ ಮೇಲೆಯೇ ಬರೆದುಕೊಡುವುದು.